ಕಳೆದ ಕಸುವು, ಇಲ್ಲದ ಕಸುವು

ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಲಿಂಬೆ ತುಂಬುವ ಹೊತ್ತು. ಆಯ್ದು ಕಟ್ಟಿದ ಚೀಲಗಳು ಪಿಕಪ್ಪಿನ ಹಿಂಬದಿ ಒಂದರ ಮೇಲೊಂದು ಏರುತ್ತಿದ್ದವು. ಜಿಐ ಮಾನ್ಯತೆ ಪಡೆದ ಈ ಕಾಯಿ ದೂರದ ಪೇಟೆಗಳಲ್ಲಿ ಹೆಸರು ಮಾಡಿದ್ದರೂ, ತೋಟ ಬಿಟ್ಟು ಹೊರಡುವಾಗ ಅದರ ಮೊದಲ ಪಯಣ ಇಂಥದೇ ಒಂದು ಗಾಡಿಯಲ್ಲಿ. ಓಡಿಸುವ ಹುಡುಗ ಬಾನೆಟ್ ಎತ್ತಿ ನನ್ನನ್ನು ಕರೆದ. "ಕಾಕಾರ, ಗಾಡಿಗಿ ಪಿಕಪ್ಪೇ ಇಲ್ಲದಂಗ ಆಗೇದ್ರಿ. ಟ್ಯೂನಿಂಗ್ ಮಾಡಿಸಿದ್ರ ಇನ್ನಾ ಇಪ್ಪತ್ತು ಎಚ್‌ಪಿ ಸಿಗ್ತಾವಂತ. ನಲವತ್ತು ಸಾವಿರ ಕೇಳ್ಯಾರ. ಮಾಡಿಸ್ಲೇನ್ರಿ, ಬ್ಯಾಡೇನ್ರಿ?"

ನಮ್ಮ ಕಡೆ ಪಿಕಪ್ ಎಂಬ ಮಾತಿಗೆ ಎರಡು ಅರ್ಥ. ಒಂದು ಗಾಡಿಯ ಹೆಸರು. ಇನ್ನೊಂದು, ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಂದಕ್ಕೆ ನೆಗೆಯುವ ಕಸುವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಗ್ಯಾರೇಜುಗಳಲ್ಲಿ ಈ ಹುಡುಗನ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಈ ವಾರದ ಅಂಕಣ ಆ ಪ್ರಶ್ನೆಗೆ ಮೀಸಲು. ಇಂಜಿನ್ನಿಗೆ ಹೆಚ್ಚಿನ ಕಸುವು ತುಂಬಿಸಲು ದುಡ್ಡು ಹಾಕುವುದು ಪಿಕಪ್ ಇಟ್ಟವನಿಗೆ ಗಿಟ್ಟುತ್ತದೆಯೇ?

ಹುಡುಗನಿಗೆ ನಾನು ತಿರುಗಿ ಕೇಳಿದ್ದು ಒಂದೇ. "ಈ ಕಸುವು ಮೊದಲ ಇತ್ತೋ, ಮೊದಲಿಂದನೂ ಇರಲಿಲ್ಲೋ?" ಇಡೀ ಲೆಕ್ಕ ಈ ಪ್ರಶ್ನೆಯ ಮೇಲೆ ನಿಂತಿದೆ. ಇದ್ದು ಕಳೆದುಹೋದ ಕಸುವು ಬೇರೆ, ಹುಟ್ಟಿನಿಂದಲೇ ಇಲ್ಲದ ಕಸುವು ಬೇರೆ. ಮೊದಲನೆಯದನ್ನು ಹುಡುಕಿ ತರಬಹುದು. ಎರಡನೆಯದನ್ನು ಕೊಂಡುಕೊಳ್ಳಬೇಕು, ಮತ್ತು ಅದರ ಬೆಲೆ ಟ್ಯೂನಿಂಗ್ ಮಾಡುವವನು ಹೇಳುವ ನಲವತ್ತು ಸಾವಿರಕ್ಕೆ ನಿಲ್ಲುವುದಿಲ್ಲ.

ಮೊದಲು ನಮ್ಮ ನೆಲಕ್ಕೆ ಎಷ್ಟು ಕಸುವು ಬೇಕು ಎಂಬುದನ್ನು ನೋಡೋಣ. ಟಾಟಾ ಏಸ್ 2005ರಲ್ಲಿ ಬಂದಾಗ ಅದರ 702 ಸಿಸಿಯ, ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ನಿನಲ್ಲಿ ಇದ್ದದ್ದು 16 ಎಚ್‌ಪಿ ಮಾತ್ರ. ಅಷ್ಟರಲ್ಲೇ ಆ ಪುಟ್ಟ ಗಾಡಿ ಹಳ್ಳಿ ಹಳ್ಳಿಗೆ ಹೊಕ್ಕು, ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿತು. 2011ರಲ್ಲಿ ಅಶೋಕ್ ಲೇಲ್ಯಾಂಡಿನ ದೋಸ್ತ್ ಬಂತು. ಇವತ್ತು ನಮ್ಮ ರಸ್ತೆಗಳಲ್ಲಿ ಹೆಚ್ಚು ಕಾಣುವ ಬೊಲೆರೊ ಪಿಕಪ್ಪಿನ ಎರಡೂವರೆ ಲೀಟರಿನ ಇಂಜಿನ್, ಮಾದರಿಗೆ ತಕ್ಕಂತೆ 70ರಿಂದ 80 ಎಚ್‌ಪಿ ಕೊಡುತ್ತದೆ.

ಈಗ ಒಂದು ಲೆಕ್ಕ ಹಾಕಿ. ಗಾಡಿ, ಸರಕು ಎಲ್ಲ ಸೇರಿ ಮೂರೂವರೆ ಟನ್ ತೂಕ. ಸಿಂದಗಿಯಿಂದ ವಿಜಯಪುರಕ್ಕೆ, ಹೆಚ್ಚುಕಡಿಮೆ ಸಮತಟ್ಟಾದ ಟಾರು ರಸ್ತೆ. ಗಾಲಿ ಉರುಳಲು ಬೇಕಾದ ಬಲ, ಗಾಳಿಯನ್ನು ಸೀಳಲು ಬೇಕಾದ ಬಲ ಎರಡನ್ನೂ ಕೂಡಿಸಿದರೆ, ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ ಗಾಲಿಯ ಹತ್ತಿರ ಬೇಕಾಗುವುದು ನನ್ನ ಅಂದಾಜಿನಲ್ಲಿ 17 ಎಚ್‌ಪಿ. ವೇಗ 80ಕ್ಕೆ ಏರಿದರೆ ಸುಮಾರು 30. ನೂರು ಮೀಟರಿಗೆ ನಾಲ್ಕು ಮೀಟರ್ ಏರುವ ದಿಬ್ಬವನ್ನು 60ರಲ್ಲೇ ಹತ್ತಬೇಕೆಂದರೆ 48ರ ಆಸುಪಾಸು. ಗೇರ್‌ಬಾಕ್ಸು, ಹೌಸಿಂಗಿನಲ್ಲಿ ಸೋರಿಹೋಗುವುದನ್ನು ಸೇರಿಸಿದರೂ 75 ಎಚ್‌ಪಿಯ ಗಾಡಿಗೆ ಇದು ಭಾರವಲ್ಲ. ನಮ್ಮದು ಚಾರ್ಮಾಡಿಯಂಥ ಘಾಟಿ ಇಲ್ಲದ ಬಯಲು ಸೀಮೆ. ಒಳ್ಳೆಯ ಸ್ಥಿತಿಯಲ್ಲಿರುವ ಇಂಜಿನ್, ಕಾನೂನು ಒಪ್ಪುವಷ್ಟು ಸರಕು ಹೇರಿದಾಗ, ದಿನದ ಬಹುಪಾಲು ತನ್ನ ಅರ್ಧ ಕಸುವನ್ನೂ ಬಳಸದೆ ಓಡುತ್ತದೆ.

ಇನ್ನು ವೇಗ. ಸರಕು ಗಾಡಿಗಳಿಗೆ ಕೇಂದ್ರ ಸರಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ಮಿತಿ ನಾಲ್ಕು ಪಥದ ಹೆದ್ದಾರಿಯಲ್ಲಿ 80 ಕಿಲೋಮೀಟರ್, ಉಳಿದ ರಸ್ತೆಗಳಲ್ಲಿ 60. ಸಾಗಣೆ ಗಾಡಿಗಳಿಗೆ 80ರಲ್ಲಿ ತಡೆಯುವ ಸಾಧನವನ್ನೂ ಕೂರಿಸಿರುತ್ತಾರೆ. ಸಿಂದಗಿಯಿಂದ ವಿಜಯಪುರದ ಅರವತ್ತು ಕಿಲೋಮೀಟರ್ ದಾರಿಯನ್ನು ಸರಾಸರಿ 60ರ ಬದಲು 70ರಲ್ಲಿ ಓಡಿಸಿದರೆ ಉಳಿಯುವುದು ಒಂಬತ್ತು ನಿಮಿಷ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿದ ಒಂದು ಟ್ರ್ಯಾಕ್ಟರ್ ಎದುರಾದರೆ, ಅಥವಾ ಎಪಿಎಂಸಿ ಗೇಟಿನಲ್ಲಿ ಪಾಳಿ ಹಚ್ಚಿದರೆ, ಆ ಒಂಬತ್ತು ನಿಮಿಷ ಅಲ್ಲೇ ಕರಗುತ್ತವೆ.

ಎಚ್‌ಪಿಯ ಮಾತು ಕೇಳಿ ಮರುಳಾಗುವವರು ಟಾರ್ಕನ್ನು ಮರೆಯುತ್ತಾರೆ. ಟಾಟಾದ ಇಂಟ್ರಾ ವಿ30 ಗಾಡಿಯ 1496 ಸಿಸಿ ಇಂಜಿನ್ 70 ಎಚ್‌ಪಿಯದು, ಟಾರ್ಕ್ 140 ನ್ಯೂಟನ್ ಮೀಟರ್. ಹೆಚ್ಚುಕಡಿಮೆ ಅಷ್ಟೇ ಎಚ್‌ಪಿಯ ಬೊಲೆರೊ ಪಿಕಪ್ಪಿನಲ್ಲಿ ಟಾರ್ಕ್ 200ರ ಹತ್ತಿರ. ಎಚ್‌ಪಿ ಒಂದೇ ಆದರೂ ತುಂಬಿದ ಗಾಡಿ ನಿಂತಲ್ಲಿಂದ ಹೊರಡುವಾಗ, ಕಡಿಮೆ ಸುತ್ತಿನಲ್ಲಿ ಹಗುರಾಗಿ ಎಳೆಯುವುದು ಎರಡನೆಯದು. ಬೊಲೆರೊ ಇಂಜಿನ್ ತನ್ನ ಪೂರ್ಣ ಟಾರ್ಕ್ ಕೊಡುವುದು ಸುಮಾರು 1400ರಿಂದ 2200 ಸುತ್ತಿನ ನಡುವೆ. ದಿಬ್ಬದ ಬುಡದಲ್ಲೇ ಒಂದು ಗೇರ್ ಇಳಿಸಿ ಇಂಜಿನ್ನನ್ನು ಆ ಮಟ್ಟದಲ್ಲಿ ಇಟ್ಟವನಿಗೆ ಗಾಡಿ ಸೋಲುವುದಿಲ್ಲ. ಟಾಪ್ ಗೇರಿನಲ್ಲೇ ಒತ್ತುತ್ತ ಹೋದವನಿಗೆ ಇಂಜಿನ್ ಬಡಕಲಾಗಿ ಕಾಣುತ್ತದೆ. ಎಡಗೈಯ ಒಂದು ಅಭ್ಯಾಸ ಎಷ್ಟೋ ಜನರ ಟ್ಯೂನಿಂಗ್ ಖರ್ಚನ್ನು ಉಳಿಸಬಲ್ಲದು.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ನನ್ನ ಹಳೆಯ ಪಿಕಪ್ಪಿನಲ್ಲಿ ಕಂಪ್ಯೂಟರ್ ಇರಲಿಲ್ಲ, ಡೀಸೆಲ್ ಪಂಪು ಪೂರ್ತಿ ಯಾಂತ್ರಿಕವಾದದ್ದು. ಒಬ್ಬ ಮಿಸ್ತ್ರಿ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಡೀಸೆಲ್ ಹೆಚ್ಚು ಬಿಟ್ಟ. ಒಂದು ಹಂಗಾಮು ಗಾಡಿ ಹುಲಿಯ ಹಾಗೆ ಓಡಿತು. ಆ ಎಳೆತದ ಸುಖ ನನಗೆ ಇನ್ನೂ ನೆನಪಿದೆ. ಇಂಜಿನ್ ಪ್ರೀತಿಸುವವನಿಗೆ ಅದು ಸಣ್ಣ ಸುಖವಲ್ಲ. ಜೊತೆಗೆ ಸೈಲೆನ್ಸರಿನಿಂದ ಕಪ್ಪು ಹೊಗೆಯೂ ಬಂತು. ಆ ಕಪ್ಪು ಹೊಗೆ ಎಂದರೆ ಗಾಳಿ ಸಾಲದೆ ಅರೆಬರೆ ಉರಿದ ಡೀಸೆಲ್, ನನ್ನದೇ ಕಿಸೆಯ ದುಡ್ಡು ಎಂಬುದು ಆಗ ಹೊಳೆಯಲಿಲ್ಲ. ಮೇ ತಿಂಗಳಲ್ಲಿ ಮುದ್ದೇಬಿಹಾಳದಿಂದ ತೊಗರಿ ಹೇರಿಕೊಂಡು ಬರುವಾಗ ನಿಡಗುಂದಿ ದಾಟುವ ಮೊದಲೇ ಹೆಡ್ ಗ್ಯಾಸ್ಕೆಟ್ ಹೋಯಿತು. ಇಂಜಿನ್ ಬಿಚ್ಚಿದಾಗ ಒಂದು ಪಿಸ್ಟನ್ನಿನ ತಲೆ ಸುಟ್ಟಿತ್ತು. ಸರಕು ಬೇರೆ ಗಾಡಿಗೆ ಬದಲಾಯಿಸಿದ ಬಾಡಿಗೆ, ಇಂಜಿನ್ ಕೆಲಸದ ಖರ್ಚು, ಗಾಡಿ ನಿಂತ ದಿನಗಳ ದುಡಿಮೆ, ಮೂರೂ ಸೇರಿ ಆ ಅರ್ಧ ಸುತ್ತಿನ ಬೆಲೆಯಾಯಿತು.

ಕಾರಣ ಸರಳ. ಇಂಜಿನ್ ಕೊಡುವ ಕಸುವು ಅದು ಉಸಿರಾಡುವ ಗಾಳಿಯ ಮೇಲೆ ನಿಂತಿದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. 25 ಡಿಗ್ರಿಯ ಗಾಳಿಗಿಂತ 42 ಡಿಗ್ರಿಯ ಗಾಳಿ ನೂರಕ್ಕೆ ಸುಮಾರು ಐದರಷ್ಟು ತೆಳು. ಗಾಳಿ ತೆಳುವಾದಾಗ, ರೇಡಿಯೇಟರಿಗೂ ತಂಪು ಸಿಗದಾಗ, ಹೆಚ್ಚು ಡೀಸೆಲ್ ಸುರಿದರೆ ಶಾಖ ಏರುತ್ತದೆ. ಆ ಶಾಖವನ್ನು ಮೊದಲು ಉಣ್ಣುವುದು ಪಿಸ್ಟನ್, ವಾಲ್ವ್, ಗ್ಯಾಸ್ಕೆಟ್, ಟರ್ಬೊ. ಲಿಂಬೆಗೆ ಬೇಡಿಕೆ ಏರುವುದು ಬೇಸಿಗೆಯಲ್ಲೇ. ದುಡಿಮೆಯ ಕಾಲಕ್ಕೇ ಇಂಜಿನ್ ಅಪಾಯದ ಅಂಚಿಗೆ ಹೋಗುತ್ತದೆ.

ಈಗಿನ ಗಾಡಿಗಳಲ್ಲಿ ಸ್ಕ್ರೂ ಜಾಗಕ್ಕೆ ಇಸಿಯು ಎಂಬ ಕಂಪ್ಯೂಟರ್ ಬಂದಿದೆ. ರಿಮ್ಯಾಪ್ ಎಂದರೂ, ಟ್ಯೂನಿಂಗ್ ಬಾಕ್ಸ್ ಎಂದರೂ ಮಾಡುವುದು ಅದೇ ಕೆಲಸ, ಡೀಸೆಲ್ ಮತ್ತು ಟರ್ಬೊ ಒತ್ತಡ ಹೆಚ್ಚಿಸುವುದು. ನುರಿತವರ ಕೈಯಲ್ಲಿ ಕಸುವು ನಿಜಕ್ಕೂ ಹೆಚ್ಚುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಹಿರಿಯರು ಎತ್ತಿನ ಜೋಡಿ ಕಟ್ಟುವಾಗ ಹೇಳುತ್ತಿದ್ದ ಮಾತು ಇಲ್ಲಿಯೂ ನಿಜ. ಬಲಿತ ಖಿಲಾರಿಯ ಪಕ್ಕಕ್ಕೆ ಎಳೆಗರುವನ್ನು ಹೂಡಿದರೆ ನೊಗ ಒಂದೇ ಕಡೆ ವಾಲುತ್ತದೆ, ಎರಡೂ ಹಾಳಾಗುತ್ತವೆ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್, ಕ್ರೌನ್, ಪಾಟಾ, ಬ್ರೇಕ್ ಇವೆಲ್ಲವನ್ನೂ ತಯಾರಕರು ಒಂದೇ ಜೋಡಿಯಾಗಿ ಕಟ್ಟಿರುತ್ತಾರೆ. ಇಂಜಿನ್ ಒಂದನ್ನೇ ಬಲಪಡಿಸಿದರೆ ಮೊದಲು ಕ್ಲಚ್ ಪ್ಲೇಟ್ ಜಾರುತ್ತದೆ, ಆಮೇಲೆ ಗೇರ್, ಆಮೇಲೆ ಹೌಸಿಂಗ್. ಏರು ಹತ್ತಿಸುವುದು ಇಂಜಿನ್, ಇಳಿಜಾರು ಇಳಿಸುವುದು ಬ್ರೇಕ್. ಬ್ರೇಕಿಗೆ ಯಾರೂ ರಿಮ್ಯಾಪ್ ಮಾಡುವುದಿಲ್ಲ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಜಾರಿಗೆ ಬಂದ ಮೇಲೆ ಮಾತು ಇನ್ನಷ್ಟು ಬಿಗಿಯಾಗಿದೆ. ಈ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಇದ್ದರೆ, ಹೆಚ್ಚಿನ ಡೀಸೆಲ್ ತರುವ ಹೆಚ್ಚಿನ ಮಸಿ ಅದನ್ನು ಬೇಗ ಕಟ್ಟಿಸುತ್ತದೆ. ಅದನ್ನು ಕಿತ್ತು ಬಿಸಾಕುವ ಸಲಹೆ ಕೊಡುವವರೂ ಇದ್ದಾರೆ. ಆ ದಾರಿ ಹಿಡಿಯಬೇಡಿ. ಆ ಮಸಿಯನ್ನು ಕುಡಿಯುವವರು ಸಂತೆಯಲ್ಲಿ ಗಾಡಿಯ ಹಿಂದೆ ನಿಂತ ನಮ್ಮವರೇ.

ಕಾನೂನು ಕೂಡ ಸ್ಪಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮೇಲೆ 2019ರ ಜನವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಗಾಡಿ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್‌ನೆಸ್‌ಗೆ ನಿಲ್ಲಿಸಬೇಕು, ಆಗ ಹೊಗೆ ಸುಳ್ಳು ಹೇಳುವುದಿಲ್ಲ. ಅಪಘಾತವಾದರೆ ವಿಮೆಯವರು ತಕರಾರು ಎತ್ತಲು ಇದೊಂದು ಕಾರಣ ಸಾಕು.

ಮತ್ತೆ ಇಂಡಿಯ ಹುಡುಗನ ಗಾಡಿಗೆ ಬರೋಣ. "ಮೊದಲ ಚಲೋ ಎಳೀತಿತ್ರಿ, ದೀಪಾವಳಿಯಿಂದ ಈಚೆ ಹಿಂಗ" ಅಂದ. ಅಂದರೆ ಕಳೆದ ಕಸುವು. ನಾವಿಬ್ಬರೂ ಬಾನೆಟ್ಟಿನ ಕೆಳಗೆ ಹುಡುಕಿದೆವು. ಏರ್ ಫಿಲ್ಟರಿನ ಕಾಗದ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಕ್ಲಿಪ್ ಸಡಿಲಾಗಿ, ಸುತ್ತ ಎಣ್ಣೆಯ ಕಪ್ಪು ಕಲೆ ಮೂಡಿತ್ತು. ಟರ್ಬೊ ಒತ್ತಿ ಕಳಿಸಿದ ಗಾಳಿ ಅಲ್ಲೇ ಸೋರುತ್ತಿತ್ತು. ಹೊಸ ಫಿಲ್ಟರ್, ಹೊಸ ಹೋಸು, ಎರಡು ಕ್ಲಿಪ್. ಮರುದಿನ ಝಳಕಿ ದಾಟಿ ಸೊಲ್ಲಾಪುರದ ಕಡೆಗೆ ಲಿಂಬೆ ಹೊತ್ತು ಹೋದ ಗಾಡಿ ಮತ್ತೆ ಮೊದಲಿನ ಗಾಡಿಯಾಗಿತ್ತು.

ಕಸುವು ಕಳೆಯುವ ದಾರಿಗಳು ಹೆಚ್ಚಿಲ್ಲ. ಪ್ರತಿ ಮಾಲೀಕನೂ ಅವನ್ನು ತಿಳಿದಿರಬೇಕು. ನಮ್ಮದು ಧೂಳಿನ ಸೀಮೆ, ಕಂಪನಿಯ ಪುಸ್ತಕ ಹೇಳಿದ್ದಕ್ಕಿಂತ ಮೊದಲೇ ಏರ್ ಫಿಲ್ಟರ್ ಕಟ್ಟುತ್ತದೆ. ಅದನ್ನು ಕಂಪ್ರೆಸರ್ ಗಾಳಿಯಿಂದ ಜೋರಾಗಿ ಊದಿಸಿದರೆ ಕಾಗದ ತೂತಾಗಿ, ಧೂಳು ನೇರ ಸಿಲಿಂಡರಿಗೆ ಇಳಿದು ರಿಂಗ್ ಸವೆಸುತ್ತದೆ. ಬದಲಿಸುವುದೇ ಸರಿ. ಡೀಸೆಲ್ ಫಿಲ್ಟರಿನಲ್ಲಿ ನೀರು ನಿಂತರೂ ಉಸಿರು ಕಟ್ಟುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಸುತ್ತು ಏರಿ ಗಾಡಿ ಮಾತ್ರ ಏರದಿದ್ದರೆ ಅದು ಇಂಜಿನ್ನಿನ ದೋಷವಲ್ಲ, ಕ್ಲಚ್ ಜಾರುತ್ತಿದೆ. ಸಮತಟ್ಟಿನಲ್ಲಿ ನ್ಯೂಟ್ರಲ್ ಮಾಡಿ ಬಿಟ್ಟಾಗ ಗಾಡಿ ಬೇಗ ನಿಂತರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಟಯರಿನಲ್ಲಿ ಗಾಳಿ ಕಡಿಮೆ. ನೋಝಲ್, ಇಂಜೆಕ್ಟರ್ ಹಳೆಯದಾಗಿದ್ದರೆ ಪರೀಕ್ಷೆ ಮಾಡಿಸಿ. ಎಣ್ಣೆ ಮುಚ್ಚಳ ತೆಗೆದಾಗ ಹೊಗೆ ಉಗುಳಿದರೆ, ಅದೇ ಮಿಸ್ತ್ರಿಗಳು ಹೇಳುವ ಬ್ಯಾಕ್ ಕಂಪ್ರೆಷನ್, ಇಂಜಿನ್ ಇಳಿಸುವ ಕಾಲ ಹತ್ತಿರ ಬಂದಿದೆ ಎಂದರ್ಥ. ಅಂಥ ಇಂಜಿನ್ನಿಗೆ ಟ್ಯೂನಿಂಗ್ ಮಾಡಿಸುವುದು ಮುಪ್ಪಿನ ಎತ್ತಿಗೆ ಬಾರುಕೋಲು ಬೀಸಿದಂತೆ.

ಇನ್ನು ದುಡ್ಡಿನ ಲೆಕ್ಕ. ದಿನಕ್ಕೆ 100 ಕಿಲೋಮೀಟರಿನಂತೆ ವರ್ಷಕ್ಕೆ 250 ದಿನ ಓಡುವ ಗಾಡಿ ಎಂದಿಟ್ಟುಕೊಳ್ಳಿ. 25,000 ಕಿಲೋಮೀಟರ್ ಆಯಿತು. ಮೈಲೇಜು ಲೀಟರಿಗೆ 12 ಇದ್ದರೆ ಸುಮಾರು 2,083 ಲೀಟರ್ ಬೇಕು. ಟ್ಯೂನಿಂಗಿನಿಂದ ಮೈಲೇಜು ನೂರಕ್ಕೆ ಐದರಷ್ಟು ನಿಜವಾಗಿ ಹೆಚ್ಚಿತು ಎಂದೇ ನಂಬೋಣ. ಉಳಿಯುವುದು 99 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ ವರ್ಷಕ್ಕೆ 8,900 ರೂಪಾಯಿ. ಹಾಕಿದ ನಲವತ್ತು ಸಾವಿರ ಮರಳಿ ಬರಲು ನಾಲ್ಕೂವರೆ ವರ್ಷ ಬೇಕು, ಅಷ್ಟರಲ್ಲಿ ಕ್ಲಚ್ ಒಂದು ಸಲವೂ ಬೇಗ ಸವೆಯದಿದ್ದರೆ.

ಇದೇ ಗಾಡಿ ದುರಸ್ತಿ ಇಲ್ಲದೆ 12ರಿಂದ 10ಕ್ಕೆ ಇಳಿದಿದೆ ಎಂದುಕೊಳ್ಳಿ. ಆಗ ಬೇಕಾಗುವ ಡೀಸೆಲ್ 2,500 ಲೀಟರ್. ವರ್ಷಕ್ಕೆ 37,500 ರೂಪಾಯಿ ಹೆಚ್ಚಿಗೆ ಸುಡುತ್ತಿದೆ. ಫಿಲ್ಟರ್, ಹೋಸ್, ಬ್ರೇಕ್, ಟಯರ್ ಗಾಳಿಯಂಥ ದೋಷಗಳನ್ನು ತಿದ್ದಿ ಆ ಎರಡು ಕಿಲೋಮೀಟರನ್ನು ಮರಳಿ ಪಡೆದವನು ಟ್ಯೂನಿಂಗ್ ಮಾಡಿಸಿದವನಿಗಿಂತ ನಾಲ್ಕು ಪಟ್ಟು ಗಳಿಸುತ್ತಾನೆ. ಹೊಸದಾಗಿ ಕೊಳ್ಳುವ ಕಸುವಿಗಿಂತ ಕಳೆದದ್ದನ್ನು ಹುಡುಕುವುದು ಅಗ್ಗ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನಿಜವಾಗಿಯೂ ಕಸುವು ಸಾಲದು ಎನ್ನುವವರು ಒಮ್ಮೆ ಹಿಂದಿನ ಚೀಲಗಳನ್ನು ಎಣಿಸಲಿ. 1.7 ಟನ್ ಹೊರುವ ಗಾಡಿಗೆ 50 ಕಿಲೋದ ಉಳ್ಳಾಗಡ್ಡಿ ಚೀಲ 34 ಮಾತ್ರ. ಬಾಗೇವಾಡಿ ಕಡೆಯ ಹಂಗಾಮಿನಲ್ಲಿ 50 ಚೀಲ ಹೇರಿದರೆ ಎರಡೂವರೆ ಟನ್. ಆಗ ಸೋಲುತ್ತಿರುವುದು ಇಂಜಿನ್ ಅಲ್ಲ, ನಮ್ಮ ಲೆಕ್ಕ. ಓವರ್‌ಲೋಡಿಗೆ ಕಾಯ್ದೆಯಲ್ಲಿ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ದಂಡ ತಪ್ಪಿಸಿಕೊಂಡರೂ ಪಾಟಾ, ಟಯರ್, ಬ್ರೇಕ್ ತಪ್ಪಿಸಿಕೊಳ್ಳುವುದಿಲ್ಲ.

ಡೋಣಿ ನದಿಯ ಬಯಲಿನ ಎರೆಮಣ್ಣಿನದು ಬೇರೆಯೇ ಪಾಠ. ಮಳೆ ಬಿದ್ದ ಮರುದಿನ ಹೊಲದ ದಾರಿಯಲ್ಲಿ ಮಣ್ಣು ಗಾಲಿಗೆ ಸುತ್ತಿಕೊಂಡು ಟಯರಿನ ಹಲ್ಲು ಮುಚ್ಚಿಹೋಗುತ್ತದೆ. ಅಲ್ಲಿ ಕೊರತೆ ಹಿಡಿತದ್ದು, ಕಸುವಿನದಲ್ಲ. ಹೆಚ್ಚು ಕಸುವಿನ ಗಾಡಿ ಅಲ್ಲಿ ಗಾಲಿ ತಿರುಗಿಸಿ ತನ್ನ ಗುಂಡಿಯನ್ನು ತಾನೇ ತೋಡುತ್ತದೆ. ಪಿಕಪ್ಪನ್ನು ಟಾರು ರಸ್ತೆಯಲ್ಲೇ ನಿಲ್ಲಿಸಿ, ಹೊಲದಿಂದ ಟ್ರ್ಯಾಕ್ಟರಿನಲ್ಲಿ ಸರಕು ತರುವ ನಮ್ಮ ರೈತರ ರೂಢಿಗಿಂತ ಒಳ್ಳೆಯ ಉಪಾಯ ಯಾವ ಗ್ಯಾರೇಜಿನಲ್ಲಿಯೂ ಸಿಗದು.

ಹಾಗಾದರೆ ಇಂಜಿನ್ನಿಗೆ ದುಡ್ಡು ಹಾಕಲೇಬಾರದೇ? ಹಾಕಬೇಕಾದ ಕಾಲ ಇದೆ. ಇಂಜಿನ್ ಎಣ್ಣೆ ಕುಡಿಯಲು ಸುರುಮಾಡಿ, ಹೇಗೂ ಬಿಚ್ಚಲೇಬೇಕಾದಾಗ ಕೈ ಬಿಗಿ ಹಿಡಿಯಬೇಡಿ. ಅಸಲಿ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿ, ಬೋರ್ ಅಳತೆ ಮಾಡಿಸಿ, ಹೆಡ್ ಸಮ ಮಾಡಿಸಿ, ರೇಡಿಯೇಟರನ್ನೂ ಒಳಗಿನಿಂದ ಸ್ವಚ್ಛ ಮಾಡಿಸಿ. ಆಗ ಹಾಕಿದ ಪ್ರತಿ ರೂಪಾಯಿಯೂ ದುಡಿಯುತ್ತದೆ. ಇಂಜಿನ್ನೇ ಬದಲಿಸುವುದಾದರೆ ಅದೇ ತಯಾರಕರ ಅದೇ ಮಾದರಿಯದನ್ನು, ಆರ್‌ಟಿಒ ಒಪ್ಪಿಗೆ ಪಡೆದು ಕೂರಿಸಿ, ಹೊಸ ಇಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಿ. ಗಾಡಿ ಪೂರ್ತಿ ಸರಿಯಿದ್ದು, ಸರಕೂ ಮಿತಿಯಲ್ಲಿದ್ದು, ಆದರೂ ನಿಮ್ಮ ದಂಧೆಗೆ ಅದು ಸಾಲದಾಗಿದ್ದರೆ ನಿಮಗೆ ಬೇಕಾದದ್ದು ದೊಡ್ಡ ಗಾಡಿ. ಟ್ಯೂನಿಂಗಿನ ನಲವತ್ತು ಸಾವಿರವನ್ನು ಅದರ ಮುಂಗಡಕ್ಕೆ ಎತ್ತಿಡಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಈ ವಾರ ಟ್ಯಾಂಕ್ ಪೂರ್ತಿ ತುಂಬಿಸಿ, ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ತುಂಬಿಸಿದಾಗ ಮತ್ತೆ ಬರೆಯಿರಿ. ಒಂದು ತಿಂಗಳು ಹೀಗೆ ಬರೆದ ಪುಟವನ್ನು ಗಾಡಿ ಹೊಸದಿದ್ದಾಗಿನ ಮೈಲೇಜಿನ ಪಕ್ಕಕ್ಕಿಟ್ಟು ನೋಡಿ. ಅಂತರ ಕಂಡರೆ ಗಾಡಿಗೆ ಬೇಕಾದದ್ದು ದುರಸ್ತಿ, ಕಾಣದಿದ್ದರೆ ಇಂಜಿನ್ನನ್ನು ಅದರ ಪಾಡಿಗೆ ದುಡಿಯಲು ಬಿಡಿ.